112, 108ರ ಕರೆ ಎತ್ತುವವರಿಗೆ ತರಬೇತಿ ಮತ್ತು ಪರವಾನಗಿ: ದಾವಣಗೆರೆ–ಚಿತ್ರದುರ್ಗಕ್ಕೆ ಎಂಥದ್ದು ಬೇಕು?

ಕೋಟೆನಾಡು_ತರಬೇತಿ

ಮನೆಗೆ ವೈರಿಂಗ್ ಮಾಡುವವರಿಗೆ ಪರ್ಮಿಟ್ ಬೇಕು. ಸೂಜಿ ಹಾಕುವ ನರ್ಸ್‌ಗೆ ಕೌನ್ಸಿಲ್ ನೋಂದಣಿ ಬೇಕು. ಆಂಬುಲೆನ್ಸ್ ಚಾಲಕರಿಗೆ ಡಿ.ಎಲ್. ಇಲ್ಲದೆ ಕೀಲಿ ಸಿಗುವುದಿಲ್ಲ. ಇವರೆಲ್ಲರಿಗಿಂತ ಮೊದಲು ಆ ಮನೆಯವರ ಜೊತೆ ಮಾತಾಡುವುದು ಕರೆ ಎತ್ತಿಕೊಂಡವರು. ಅವರಿಗೆ ಮಾತ್ರ ನಮ್ಮಲ್ಲಿ ಪರವಾನಗಿ ಎಂಬುದಿಲ್ಲ. ಕೆಲಸಕ್ಕೆ ಸೇರಿಸಿಕೊಂಡವರು ಎಷ್ಟು ದಿನ ಕಲಿಸಿದರೆ ಅಷ್ಟೇ ತರಬೇತಿ. ಇದನ್ನು ಬದಲಿಸಲು ಒಂದು ಕರಡು ಮಾಡೋಣ ಅಂತ ಈ ಚರ್ಚೆ ತೆರೆದಿದ್ದೇನೆ.

ಕರೆ ಹೋಗುವ ದಾರಿ ಮೊದಲು ನೋಡಿ. 112 ಒತ್ತಿದರೆ ಅದು ಬೆಂಗಳೂರಿನ ರಾಜ್ಯ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಕೂತವರು ಊರು, ವಿಷಯ ಕೇಳಿಕೊಂಡು ಕಂಪ್ಯೂಟರಿನಲ್ಲಿ ಒಂದು ಈವೆಂಟ್ ತೆರೆಯುತ್ತಾರೆ. ಅದು ಜಿಲ್ಲಾ ಕೇಂದ್ರದ ಪರದೆಗೆ ಬರುತ್ತದೆ. ಅಲ್ಲಿನ ಡಿಸ್ಪ್ಯಾಚರ್ ಗಾಡಿ ಕಳಿಸುತ್ತಾರೆ. ಅಂದರೆ ಕೇಳುವ ಕಿವಿ ಒಂದು ಕಡೆ, ಊರು ಬಲ್ಲ ತಲೆ ಇನ್ನೊಂದು ಕಡೆ. ನಡುವೆ ಇರುವುದು ಟೈಪ್ ಮಾಡಿದ ಎರಡು ಸಾಲು. ಅನಾಹುತ ಹುಟ್ಟುವುದು ಆ ಎರಡು ಸಾಲಿನಲ್ಲೇ.

ಜಗಳೂರು ಕಡೆಯಿಂದ ಒಬ್ಬರು ಕರೆ ಮಾಡಿ "ನಮ್ ಹುಡುಗ ಔಷಧಿ ಕುಡಿದಾನೆ, ಬೇಗ ಬರ್ರಿ" ಅಂದರೆ ಅದು ಬೆಳೆಗೆ ಹೊಡೆಯುವ ಕೀಟನಾಶಕ. ಊರ ಮಾತು ಗೊತ್ತಿಲ್ಲದವರು "ಔಷಧಿ ಸೇವಿಸಿದ್ದಾರೆ, ಅಸ್ವಸ್ಥ" ಅಂತ ಬರೆದುಬಿಟ್ಟರೆ ಆ ಕರೆ ಸಾಲಿನಲ್ಲಿ ಕೆಳಗೆ ಕೂರುತ್ತದೆ. "ಅಜ್ಜಿಗೆ ಹುಳ ಮುಟ್ಟೈತೆ" ಅಂದರೆ ಹಾವು ಕಚ್ಚಿದೆ. ರಾತ್ರಿ ಹೊತ್ತು ಹಾವಿನ ಹೆಸರು ಬಾಯಲ್ಲಿ ತರುವುದಿಲ್ಲ ನಮ್ಮ ಜನ. ಅದನ್ನು "ಕೀಟ ಕಡಿತ" ಅಂತ ಬರೆದರೆ? "ನೋವು ತಗಂಡೈತೆ" ಅಂದರೆ ಹೆರಿಗೆ ನೋವು. "ಒಂದು ಕೈ ಬಿದ್ದೋಗೈತೆ" ಅಂದರೆ ಕೈ ತುಂಡಾಗಿಲ್ಲ, ಲಕ್ವ ಹೊಡೆದಿದೆ.

ಆದ್ದರಿಂದ ಪರವಾನಗಿ ಪರೀಕ್ಷೆ ಅಂದರೆ ನಾಲ್ಕು ಉತ್ತರದಲ್ಲಿ ಒಂದಕ್ಕೆ ಟಿಕ್ ಹಾಕುವುದಾದರೆ ಅದರಿಂದ ಯಾರ ಜೀವವೂ ಉಳಿಯುವುದಿಲ್ಲ. ಹೆಡ್‌ಸೆಟ್ ಹಾಕಿ ಕೂರಿಸಬೇಕು, ನಮ್ಮ ಸೀಮೆಯ ಮಾತಿನಲ್ಲಿ, ಅಳು-ಕೂಗಿನ ನಡುವೆ, ಕರೆ ಕೇಳಿಸಬೇಕು. ಬರೆದ ಎರಡು ಸಾಲನ್ನು ಬೇರೊಬ್ಬರ ಕೈಗೆ ಕೊಟ್ಟು, ಅವರು ಸರಿಯಾದ ಜಾಗಕ್ಕೆ ಸರಿಯಾದ ಗಾಡಿ ಕಳಿಸಿದರೆ ಮಾತ್ರ ಪಾಸು.

ನನ್ನ ಕರಡು: 160 ಗಂಟೆ ತರಗತಿ. ಅದರಲ್ಲಿ ಜಾಗ ಹಿಡಿಯುವುದಕ್ಕೆ 24, ವೈದ್ಯಕೀಯ 40, ಬೆಂಕಿ–ಹೆದ್ದಾರಿ–ಕರೆಂಟ್ 24, ಕಾನೂನು 16, ಗಾಬರಿಯಾದವರ ಜೊತೆ ಮಾತಾಡುವ ರೀತಿ 16, ಅಣಕು ಕರೆ 40. ಆಮೇಲೆ ಹಿರಿಯರ ಪಕ್ಕ ಜೋಡಿ ಹೆಡ್‌ಸೆಟ್‌ನಲ್ಲಿ 30 ಪಾಳಿ, ಅಂದರೆ 240 ಗಂಟೆ. ಇದು ವಿಪರೀತ ಅನ್ನುವವರಿಗೆ ಹೇಳುತ್ತೇನೆ: ಅಮೆರಿಕದ ಫ್ಲೋರಿಡಾದಲ್ಲಿ ಕಾನೂನೇ 232 ಗಂಟೆ ಕೇಳುತ್ತದೆ, ಮೇಲೆ ರಾಜ್ಯ ಪರೀಕ್ಷೆ. ಕ್ಯಾಲಿಫೋರ್ನಿಯಾದ ಮೂಲ ಕೋರ್ಸ್ 120 ಗಂಟೆ. ಟೆಕ್ಸಾಸ್‌ನಲ್ಲಿ ಪೊಲೀಸರಿಗೆ ಲೈಸೆನ್ಸ್ ಕೊಡುವ ಆಯೋಗವೇ ಕರೆ ತೆಗೆದುಕೊಳ್ಳುವವರಿಗೂ ಕೊಡುತ್ತದೆ.

ಇಎಂಟಿ_ಜಗಳೂರು

ಸಾರ್, ವೈದ್ಯಕೀಯ 40 ಗಂಟೆಯಲ್ಲಿ ಕನಿಷ್ಠ 8 ಗಂಟೆ ಎದೆ ಒತ್ತುವುದನ್ನು ಫೋನಿನಲ್ಲಿ ಹೇಳಿಕೊಡುವುದಕ್ಕೇ ಇಡಿ. ಆಂಬುಲೆನ್ಸ್ ಎಷ್ಟು ಬೇಗ ಬಂದರೂ ಜಗಳೂರಿನ ಒಳಹಳ್ಳಿಗೆ ಹತ್ತು ನಿಮಿಷದಲ್ಲಿ ಬರುವುದು ಕಷ್ಟ. ಹೃದಯ ನಿಂತವರಿಗೆ ಎದೆ ಒತ್ತದೆ ಬಿಟ್ಟರೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಬದುಕುವ ಅವಕಾಶ ಕರಗುತ್ತದೆ. ಅಲ್ಲಿಯವರೆಗೆ ಕೈ ಇರುವುದು ಮನೆಯವರದ್ದು, ಕಣ್ಣು-ಬುದ್ಧಿ ಇರಬೇಕಾದ್ದು ಫೋನಿನಲ್ಲಿರುವವರದ್ದು.

ಕೇಳಬೇಕಾದ್ದು ಎರಡೇ ಪ್ರಶ್ನೆ. ಎಚ್ಚರ ಇದೆಯಾ? ಉಸಿರಾಟ ಯಾವತ್ತಿನ ಹಾಗೆ ಇದೆಯಾ? ಎರಡಕ್ಕೂ "ಇಲ್ಲ" ಬಂದರೆ ಮುಂದೆ ಪ್ರಶ್ನೆ ಬೇಡ, ಒತ್ತಿಸಲು ಶುರು ಮಾಡಬೇಕು.

ಎಡವುವುದು ಎರಡನೇ ಪ್ರಶ್ನೆಯಲ್ಲಿ. "ಉಸಿರಾಡ್ತಿದಾರಾ?" ಅಂತ ಕೇಳಿದರೆ "ಹ್ಞೂಂ, ಆಡ್ತಾ ಅದಾರೆ" ಅಂತಲೇ ಉತ್ತರ ಬರುತ್ತದೆ. ಯಾಕೆಂದರೆ ಹೃದಯ ನಿಂತ ಮೇಲೂ ಕೆಲವು ನಿಮಿಷ ಬಾಯಿ ತೆರೆದು ಒಂದೊಂದೇ ಉಸಿರು ಎಳೆಯುತ್ತಾರೆ, ಗೊರಕೆಯಂಥ ಸದ್ದು ಬರುತ್ತದೆ. ನಮ್ಮಲ್ಲಿ ಇದಕ್ಕೆ "ಮೇಲುಸಿರು" ಅಂತಾರೆ. ಆ ಪದ ಕಿವಿಗೆ ಬಿತ್ತೋ, ಅದು ಉಸಿರಾಟ ಅಲ್ಲ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಬೇಕು: "ಹೊಟ್ಟೆ ಮೇಲೆ ಕೈ ಇಡಿ. ಏರಿದಾಗೆಲ್ಲ 'ಈಗ' ಅನ್ನಿ." ಹತ್ತು ಸೆಕೆಂಡಿನಲ್ಲಿ ಎರಡು ಸಲ "ಈಗ" ಬರಲಿಲ್ಲ ಅಂದರೆ ಒತ್ತಿಸಿ ಅಂತ, ಕೇಳುವ ಪ್ರಶ್ನೆ-ಹೇಳುವ ಮಾತು ಬರೆದು ಮೇಜಿನ ಮೇಲಿಡುವ ನಮ್ಮ ಕಾರ್ಡಿನಲ್ಲಿ ಬರೆಯಬಹುದು.

ಹೇಳಿಕೊಡುವ ಮಾತು ಬಾಯಿಪಾಠ ಆಗಿರಬೇಕು: "ಮಂಚದ ಮೇಲೆ ಬೇಡ, ನೆಲಕ್ಕೆ ಇಳಿಸಿ, ಅಂಗಾತ ಮಲಗಿಸಿ. ಎದೆ ನಡುಮಧ್ಯ ಅಂಗೈ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬೇಡಿ. ಎರಡು ಇಂಚು ಒಳಗೆ ಹೋಗಬೇಕು, ಜೋರಾಗಿ ಒತ್ತಿ. ನನ್ನ ಜೊತೆ ಎಣಿಸಿ: ಒಂದು, ಎರಡು, ಮೂರು, ನಾಲ್ಕು." ನಿಮಿಷಕ್ಕೆ 100ರಿಂದ 120 ಒತ್ತು. ಕನ್ನಡದಲ್ಲಿ ಐದು, ಆರು ದಾಟಿ "ಹನ್ನೊಂದು, ಹನ್ನೆರಡು" ಅಂತ ಹೋದರೆ ಪದ ಉದ್ದವಾಗಿ ಲಯ ನಿಧಾನ ಆಗುತ್ತದೆ. ನಾಲ್ಕರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬನ್ನಿ. ತರಬೇತಿಯಲ್ಲಿ ಮೆಟ್ರೊನೋಮ್ (ಟಿಕ್-ಟಿಕ್ ಅಂತ ತಾಳ ಹಾಕುವ ಯಂತ್ರ) ಇಟ್ಟು 110ಕ್ಕೆ ನಾಲಿಗೆ ಪಳಗಿಸಬೇಕು.

ಸಮಯದ ಗುರಿಯನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಟ್ಟಿದೆ: 90 ಸೆಕೆಂಡಿನೊಳಗೆ ಹೃದಯ ನಿಂತಿರುವುದು ಗೊತ್ತಾಗಬೇಕು, 150 ಸೆಕೆಂಡಿನೊಳಗೆ ಮೊದಲ ಒತ್ತು ಬೀಳಬೇಕು. ಪರೀಕ್ಷೆಗೆ ಇದೇ ಗಡಿಯಾರ ಇಡಿ.

ಪಾಳಿ_ಲೆಕ್ಕ

ಎಲ್ಲಾ ಸರಿ, ಆದರೆ ನನ್ನ ಆಕ್ಷೇಪ ಬರೆದುಕೊಳ್ಳಿ. ಕರೆ ಎತ್ತುವ ಎಷ್ಟೋ ಮಂದಿ ಹೊರಗುತ್ತಿಗೆಯವರು. ಅವರ ಕುತ್ತಿಗೆಗೆ ಪರವಾನಗಿ ನೇತುಹಾಕಿ, ತಪ್ಪಾದರೆ ರದ್ದು ಮಾಡಿ, ಕೂರಿಸಿದವರಿಗೆ ಏನೂ ಹೊಣೆ ಇಲ್ಲ ಅಂದರೆ ಅದು ಸುಧಾರಣೆಯಲ್ಲ, ಬಡವನ ಬೆನ್ನಿಗೆ ಚಾಟಿ. ಪರವಾನಗಿ ಆಳಿಗೆ ಬೇಕಾದಷ್ಟೇ ಕುರ್ಚಿಗೂ ಬೇಕು.

ಲೆಕ್ಕ ನೋಡ್ರಿ. ಒಂದು ಕುರ್ಚಿ 24 ಗಂಟೆ, ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೆ ಮೂರೂವರೆ ಜನ. ರಜೆ, ಕಾಯಿಲೆ, ತರಬೇತಿ, ಊಟ-ವಿರಾಮ ಕಳೆದರೆ ಕೈಗೆ ಸಿಗುವುದು ಸುಮಾರು 38 ಗಂಟೆ. ಅಂದರೆ ಕುರ್ಚಿಗೆ 4.4 ಜನ. ನಾಲ್ಕು ಕುರ್ಚಿಗೆ 18. ಎಲ್ಲಿ 12 ಜನರನ್ನು ಇಟ್ಟುಕೊಂಡು ನಾಲ್ಕು ಕುರ್ಚಿ ನಡೆಸುತ್ತಾರೋ ಅಲ್ಲಿ ಇಬ್ಬಿಬ್ಬರು 12 ಗಂಟೆ ಪಾಳಿ ಎಳೆಯುತ್ತಿರುತ್ತಾರೆ, ತರಬೇತಿಗೆ ಯಾರನ್ನೂ ಬಿಡಲಾಗುವುದಿಲ್ಲ. ಬೆಳಗಿನ ಜಾವ 4 ಗಂಟೆಗೆ ಊರ ಹೆಸರು ತಪ್ಪಾಗಿ ಕೇಳಿಸಿದರೆ ಅದು ಆ ಹುಡುಗಿಯ ತಪ್ಪಾ?

ಇನ್ನೊಂದು. ಮಗು ತೀರಿಹೋದ ಕರೆ, ನೇಣಿನ ಕರೆ, ಬೆಂಕಿ ಹಚ್ಚಿಕೊಂಡವರ ಕರೆ ಮುಗಿದ ಮರುಕ್ಷಣಕ್ಕೆ ಮುಂದಿನ ಕರೆ ಹೊಡೆದುಕೊಳ್ಳುತ್ತದೆ. ಅಂಥ ಕರೆ ಆದ ಮೇಲೆ 20 ನಿಮಿಷ ಕುರ್ಚಿ ಬಿಡುವುದನ್ನು ನಿಯಮದಲ್ಲಿ ಬರೆಯಿರಿ. ಇದನ್ನು ಕೇಳಿದವರ ಮೇಲೆ ದಯೆಯಿಂದ ಕೊಡುವುದಲ್ಲ, ಲಾಗ್‌ನಲ್ಲಿ ತಾನಾಗೇ ಬೀಳಬೇಕು.

ಕೋಟೆನಾಡು_ತರಬೇತಿ

ಒಪ್ಪಿದೆ. ಕರಡಿಗೆ ಮೂರು ಸಾಲು ಸೇರಿಸಿದ್ದೇನೆ. ಪರವಾನಗಿ ವ್ಯಕ್ತಿಯ ಹೆಸರಿನಲ್ಲಿ ಇರುತ್ತದೆ, ಟೆಂಡರ್ ಬದಲಾದರೂ ಅವರ ಜೊತೆಗೇ ಹೋಗುತ್ತದೆ. ಪರವಾನಗಿ ಇಲ್ಲದವರನ್ನು ಒಂಟಿಯಾಗಿ ಕೂರಿಸಿದರೆ ದಂಡ ಕೂರಿಸಿದವರಿಗೆ. ಕುರ್ಚಿಗೆ 4.4ಕ್ಕಿಂತ ಕಡಿಮೆ ಸಿಬ್ಬಂದಿ ಇದ್ದರೆ ಆ ಕೇಂದ್ರಕ್ಕೇ ಮಾನ್ಯತೆ ಇಲ್ಲ.

ನೆಟ್‌ವರ್ಕ್_ನಿಟ್ಟುವಳ್ಳಿ

ಜಾಗ ಹಿಡಿಯುವುದಕ್ಕೆ 24 ಗಂಟೆ ಇಟ್ಟಿದ್ದೀರಿ, ಅಲ್ಲಿ ಏನು ಕಲಿಸಬೇಕು ಅಂತ ಬರೆಯುತ್ತೇನೆ.

ಪರದೆಯ ಮೇಲೆ ಬೀಳುವ ಚುಕ್ಕಿಯನ್ನು ನಂಬುವುದು ಹೊಸಬರ ಮೊದಲ ತಪ್ಪು. ಫೋನ್ ಜಿಪಿಎಸ್ ಕೊಟ್ಟರೆ ಚುಕ್ಕಿ ಮನೆ ಬಾಗಿಲಿಗೇ ಬೀಳಬಹುದು. ಟವರ್ ಲೆಕ್ಕದಲ್ಲಿ ಬಂದರೆ ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ಒಂದೆರಡು ಬೀದಿ ಅತ್ತಿತ್ತ, ಆದರೆ ಚಳ್ಳಕೆರೆಯ ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಅತ್ತಿತ್ತ. ಚುಕ್ಕಿಯ ಸುತ್ತ ಇರುವ ವೃತ್ತ ಎಷ್ಟು ದೊಡ್ಡದು ಅಂತ ನೋಡುವುದನ್ನು ಮೊದಲ ದಿನವೇ ಕಲಿಸಬೇಕು. ವೃತ್ತ ದೊಡ್ಡದಿದ್ದರೆ ಚುಕ್ಕಿ ಮರೆತುಬಿಡಿ, ಬಾಯಿಂದ ಕೇಳಿ.

ಎರಡನೆಯದು ಹೆಸರು. ನಕ್ಷೆಯಲ್ಲಿ ಶಾಂತಿಸಾಗರ, ಬಾಯಲ್ಲಿ ಸೂಳೆಕೆರೆ. ನಕ್ಷೆಯಲ್ಲಿ ವಾಣಿವಿಲಾಸ ಸಾಗರ, ಬಾಯಲ್ಲಿ ಮಾರಿಕಣಿವೆ. "ದುರ್ಗ" ಅಂದರೆ ಚಿತ್ರದುರ್ಗ, ಆದರೆ ಗಾಬರಿಯಲ್ಲಿ "ಹೊಸ" ನುಂಗಿಹೋದರೆ ಹೊಸದುರ್ಗವೂ "ದುರ್ಗ" ಅಂತಲೇ ಕೇಳಿಸುತ್ತದೆ. ಹೊಸಹಳ್ಳಿ, ಗೊಲ್ಲರಹಟ್ಟಿ, ರಾಂಪುರ ಇವಂತೂ ತಾಲ್ಲೂಕಿಗೆ ಒಂದೆರಡು. ಆದ್ದರಿಂದ ಊರ ಹೆಸರು ಬಂದ ಕೂಡಲೇ ಕೇಳುವ ಪ್ರಶ್ನೆ "ಯಾವ ತಾಲ್ಲೂಕು?" ಅಲ್ಲ. ದಾರಿಹೋಕರಿಗೆ ತಾಲ್ಲೂಕು ಗೊತ್ತಿರುವುದಿಲ್ಲ. "ನಿಮ್ಮೂರಿಗೆ ಬಸ್ ಯಾವ ಊರ ಮೇಲೆ ಬರುತ್ತೆ? ಸಂತೆಗೆ ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿ. ತಕ್ಷಣ ಗೊತ್ತಾಗುತ್ತದೆ.

ಮೂರನೆಯದು ಗುರುತು. ಹಳ್ಳಿಯಲ್ಲಿ ಮನೆ ನಂಬರ್ ಕೇಳಬೇಡಿ. ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಓವರ್‌ಹೆಡ್ ಟ್ಯಾಂಕ್, ಶಾಲೆ. ಹೊಲದಲ್ಲಿ ಇದ್ದರೆ ಹತ್ತಿರದ ಟಿ.ಸಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಮೇಲೆ ಬಣ್ಣದಲ್ಲಿ ಬರೆದಿರುವ ನಂಬರ್ ಓದಿಸಿ. ಚಿತ್ರದುರ್ಗದ ಗುಡ್ಡಗಳಲ್ಲಾದರೆ ಗಾಳಿಯಂತ್ರದ ಕಂಬದ ಮೇಲಿನ ನಂಬರ್. ಆದರೆ ಆ ನಂಬರಿನಿಂದ ಜಾಗ ಹುಡುಕುವ ಪಟ್ಟಿ ಡಿಸ್ಪ್ಯಾಚರ್ ಮೇಜಿನ ಮೇಲೆ ಇದ್ದರೆ ತಾನೇ ಉಪಯೋಗ? ಬೆಸ್ಕಾಂ ಮತ್ತು ಗಾಳಿಯಂತ್ರ ಕಂಪನಿಗಳಿಂದ ಪಟ್ಟಿ ತರಿಸಿ ನಕ್ಷೆಗೆ ಏರಿಸುವುದು ಜಿಲ್ಲಾ ಕೇಂದ್ರದ ಕೆಲಸ ಅಂತ ಬರೆಯಿರಿ.

ನಂಬರ್ ಓದುವಾಗ ಒಂದೊಂದೇ ಅಂಕಿ. ಕೆಟ್ಟ ಸಿಗ್ನಲ್‌ನಲ್ಲಿ ಐವತ್ತು-ಅರವತ್ತು, ಎಪ್ಪತ್ತು-ಎಂಬತ್ತು ಒಂದೇ ಥರ ಕೇಳಿಸುತ್ತವೆ. "ಏಳು, ಸೊನ್ನೆ" ಅಂತ ಹೇಳಿಸಿ, ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಿ.

ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಬಗ್ಗೆ ಕೆಲವರು ಕೇಳುತ್ತಾರೆ. ಹತ್ತು ಅಕ್ಷರದ ಸಂಕೇತ, ಸುಮಾರು 4 ಮೀಟರ್ ಚೌಕವನ್ನು ಗುರುತಿಸುತ್ತದೆ, ಒಳ್ಳೆಯದೇ. ಆದರೆ ಇಂಗ್ಲಿಷ್ ಅಕ್ಷರ-ಅಂಕಿ ಬೆರೆಸಿದ ಹತ್ತನ್ನು ಅಳುತ್ತಾ ಫೋನಿನಲ್ಲಿ ಓದಿ ಅಂದರೆ ಆಗುವ ಮಾತಲ್ಲ. ಶಾಲೆ, ಡೈರಿ ಗೋಡೆ ಮೇಲೆ ಮೊದಲೇ ಬರೆಸಿಟ್ಟರೆ ಉಪಯೋಗಕ್ಕೆ ಬಂದೀತು.

ಹೆದ್ದಾರಿ_ಹಿರಿಯೂರು

ರಾಷ್ಟ್ರೀಯ ಹೆದ್ದಾರಿ 48ರ ವಿಷಯ ಬೇರೆಯೇ ಪಾಠ ಆಗ್ಬೇಕು ಸಾರ್. ಹಿರಿಯೂರು, ಐಮಂಗಲ, ದುರ್ಗ, ಭರಮಸಾಗರ, ಆನಗೋಡು, ದಾವಣಗೆರೆ, ಹರಿಹರ ಅಷ್ಟೂ ಒಂದೇ ರಸ್ತೆ, ನಡುವೆ ಡಿವೈಡರ್. "ಐಮಂಗಲದ ಹತ್ರ ಲಾರಿ ಪಲ್ಟಿ ಆಗೈತೆ" ಅಂದರೆ ಅರ್ಧ ಮಾಹಿತಿ. ಬೆಂಗಳೂರು ಕಡೆ ಹೋಗೋ ರಸ್ತೆನಾ, ಹುಬ್ಬಳ್ಳಿ ಕಡೆ ಹೋಗೋದಾ, ಸರ್ವೀಸ್ ರಸ್ತೆನಾ, ಬ್ರಿಡ್ಜ್ ಮೇಲಾ ಕೆಳಗಾ? ಇದು ಕೇಳದೆ ಬಿಟ್ಟರೆ ಗಾಡಿ ಎದುರು ದಿಕ್ಕಿನಲ್ಲಿ ಬಂದು, ಕಣ್ಣೆದುರಿಗೆ ಅಪಘಾತ ಕಾಣ್ತಾ ಇದ್ರೂ ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ ತಿರುಗಿಸಿಕೊಂಡು ಬರಬೇಕು.

ಕರೆ ಮಾಡುವವರು ಬಹಳ ಸಲ ದಾಟಿಹೋಗುತ್ತಿರುವ ಕಾರಿನವರು. ಊರು ಗೊತ್ತಿರಲ್ಲ. ಅವರಿಗೆ ಕೇಳಬೇಕಾದ್ದು: "ಯಾವ ಊರಿಂದ ಯಾವ ಊರಿಗೆ ಹೊರಟಿದ್ದೀರಿ? ಕೊನೆಗೆ ದಾಟಿದ ಟೋಲ್ ಯಾವುದು? ಅಲ್ಲಿಂದ ಎಷ್ಟು ನಿಮಿಷ ಆಯ್ತು? ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲು ಕಾಣುತ್ತಾ?" ಗುಯಿಲಾಳು ಟೋಲ್ ದಾಟಿ ಹತ್ತು ನಿಮಿಷ ಅಂದರೆ ದಿಕ್ಕೂ ಸಿಕ್ಕಿತು, ದೂರವೂ ಸಿಕ್ಕಿತು. ಹೆದ್ದಾರಿ ಸಹಾಯವಾಣಿ 1033ಕ್ಕೂ ಅದೇ ಕರೆ ಹೋಗಿರಬಹುದು. ಎರಡು ಕಡೆ ಮಾತಾಡಿಕೊಳ್ಳದಿದ್ದರೆ ಒಂದೇ ಜಾಗಕ್ಕೆ ಎರಡು ಆಂಬುಲೆನ್ಸ್ ಬಂದು, ಇನ್ನೊಂದು ಅಪಘಾತಕ್ಕೆ ಒಂದೂ ಇರಲ್ಲ.

ಹೆಸರು ಹೇಳಲು ಹೆದರುವವರಿಗೆ ಹೇಳಿಬಿಡಬೇಕು: "ಹೆಸರು ಬೇಡ, ಜಾಗ ಹೇಳಿ ಸಾಕು." ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಪ್ರಕಾರ ಸಹಾಯ ಮಾಡಿದವರ ಮೇಲೆ ಕೇಸಿಲ್ಲ, ಹೆಸರು ಕೊಡಲೇಬೇಕು ಅಂತ ಒತ್ತಾಯವೂ ಇಲ್ಲ. ಮೊದಲ ಪ್ರಶ್ನೆಯಾಗಿ "ನಿಮ್ಮ ಹೆಸರೇನು" ಅಂದ ಕೂಡಲೇ ಫೋನ್ ಇಡುವವರೇ ಜಾಸ್ತಿ.

ಅಗ್ನಿ_ಹರಿಹರ

ಹೆದ್ದಾರಿ ಮಾತಿಗೆ ಸೇರಿಸುತ್ತೇನೆ. ಟ್ಯಾಂಕರ್ ಪಲ್ಟಿ ಅಂತ ಬಂದರೆ ಮೊದಲು ಹಿಂಬದಿ ಅಥವಾ ಪಕ್ಕದಲ್ಲಿರುವ ಫಲಕದ ನಾಲ್ಕು ಅಂಕಿ ಕೇಳಿ, ಅದೂ ದೂರದಿಂದಲೇ ಓದಿಸಿ, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಓದಲಿ. 1203 ಪೆಟ್ರೋಲ್. 1075 ಅಡುಗೆ ಅನಿಲ. 1005 ಅಮೋನಿಯಾ. 1017 ಕ್ಲೋರಿನ್. ಈ ನಾಲ್ಕು ಕಂಠಪಾಠ ಇರಲಿ, ಉಳಿದದ್ದಕ್ಕೆ ಪಟ್ಟಿ. 1075 ಅಂದರೆ "ಗಾಡಿ ಸ್ಟಾರ್ಟ್ ಮಾಡಬೇಡಿ, ಬೀಡಿ-ಸಿಗರೇಟು ಹಚ್ಚಬೇಡಿ, ಗಾಳಿ ಯಾವ ಕಡೆಯಿಂದ ಬೀಸ್ತಿದೆಯೋ ಆ ಕಡೆಗೆ ನಡೆಯಿರಿ, ತಗ್ಗಿಗೆ ಇಳಿಯಬೇಡಿ." ಅನಿಲ ಗಾಳಿಗಿಂತ ಭಾರ, ಚರಂಡಿ-ಹಳ್ಳದಲ್ಲಿ ನಿಲ್ಲುತ್ತದೆ. ಪೆಟ್ರೋಲ್ ತುಂಬಿಕೊಳ್ಳಲು ಕೊಡ ಹಿಡಿದು ಬರುವವರನ್ನು ತಡೆಯಿರಿ ಅಂತ ಕರೆ ಮಾಡಿದವರಿಗೇ ಹೇಳಬೇಕು.

ಕರೆಂಟ್ ಕರೆಗಳು ನಮ್ಮ ಕಡೆ ಪಂಪ್‌ಸೆಟ್ ಸ್ಟಾರ್ಟರ್ ಹತ್ತಿರ ಜಾಸ್ತಿ. ಮನೆಯವರು "ಈಗ ಕರೆಂಟ್ ಹೋಗೈತೆ, ಎಳೀಬಹುದಾ?" ಅಂತ ಕೇಳ್ತಾರೆ. ಬೇಡ ಅನ್ನಿ. ಪಂಪ್‌ಸೆಟ್ ಲೈನಿಗೆ ಕರೆಂಟ್ ಪಾಳಿ ಮೇಲೆ ಬರುತ್ತದೆ, ಯಾವ ಕ್ಷಣಕ್ಕಾದರೂ ಬರಬಹುದು. ಡಿಸ್ಪ್ಯಾಚರ್ ತಾನೇ ಬೆಸ್ಕಾಂಗೆ ಫೋನ್ ಮಾಡಿ, ಟಿ.ಸಿ. ನಂಬರ್ ಹೇಳಿ, ಎಲ್.ಸಿ. (ಲೈನ್ ಕ್ಲಿಯರ್) ತಗೊಂಡು ಲೈನ್ ಆಫ್ ಆಗಿದೆ ಅಂತ ಖಾತ್ರಿ ಆದ ಮೇಲೆ ಮುಟ್ಟಲು ಹೇಳಬೇಕು. 1912 ಸಾರ್ವಜನಿಕರ ನಂಬರ್, ಅಲ್ಲಿ ಸಾಲಿನಲ್ಲಿ ಕಾಯಬೇಕು. ಸಬ್‌ಸ್ಟೇಷನ್ನಿನ ನೇರ ನಂಬರ್ ಮೇಜಿನ ಮೇಲಿರಬೇಕು, ತಿಂಗಳಿಗೊಮ್ಮೆ ಹೊಡೆದು ನೋಡಬೇಕು.

ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಕೈ ಯಂತ್ರಕ್ಕೆ ಸಿಕ್ಕಿಕೊಂಡ ಕರೆ ಬರುತ್ತದೆ. ಟ್ರ್ಯಾಕ್ಟರ್ ಇಂಜಿನ್ ನಿಲ್ಲಿಸಿ, ಯಂತ್ರವನ್ನು ಹಿಂದಕ್ಕೆ ತಿರುಗಿಸಬೇಡಿ, ಕೈ ಎಳೆಯಬೇಡಿ, ಯಂತ್ರದ ಮೇಲ್ಗಡೆ ರಟ್ಟೆಗೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಎರಡೂ ಒಟ್ಟಿಗೆ ಹೊರಡಬೇಕು. ಒಂದು ಬಂದು ನೋಡಿ ಇನ್ನೊಂದನ್ನು ಕರೆದರೆ ಅರ್ಧ ಗಂಟೆ ಹಾಳು.

ಸ್ಟಾಫ್‌ನರ್ಸ್_ಹೊನ್ನಾಳಿ

"ಔಷಧಿ ಕುಡಿದಾನೆ" ಕರೆಗೆ ಏನು ಹೇಳಬೇಕು ಅಂತ ಯಾರೂ ಬರೆದಿಲ್ಲ. ಮನೆಯವರು ಅಷ್ಟರಲ್ಲಿ ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಲು ಹೊರಟಿರುತ್ತಾರೆ. ಅದನ್ನು ನಿಲ್ಲಿಸಬೇಕು, ವಾಂತಿ ಶ್ವಾಸಕೋಶಕ್ಕೆ ಹೋದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲುತ್ತದೆ. ಎಡ ಮಗ್ಗುಲಿಗೆ ಮಲಗಿಸಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ನೀರಿನಿಂದ ತೊಳೆಯಿರಿ, ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಲಿ. ಡಬ್ಬಿ ಜೊತೆಗೇ ತನ್ನಿ, ಇಲ್ಲವೇ ಲೇಬಲ್ ಫೋಟೋ ತೆಗೆದಿಡಿ. ಡಬ್ಬಿ ನೋಡಿದರೆ ಡಾಕ್ಟರಿಗೆ ಚಿಕಿತ್ಸೆಯ ಅರ್ಧ ದಾರಿ ಸಿಕ್ಕಿದ ಹಾಗೆ.

ಹಾವಿಗೆ: ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಔಷಧಕ್ಕೆ ಹೋಗಬೇಡಿ, ಉಂಗುರ-ಬಳೆ-ಕಾಲುಂಗುರ ತೆಗೆಯಿರಿ, ನಡೆಸಬೇಡಿ. ಕೊಳಕುಮಂಡಲ ಕಚ್ಚಿದರೆ ಬಾವು, ಉರಿ, ಒಸಡಲ್ಲಿ ರಕ್ತ, ಎಲ್ಲರಿಗೂ ಕಾಣುತ್ತದೆ. ಕಟ್ಟುಹಾವು ಕಚ್ಚಿದರೆ ಬಾವೇ ಇರುವುದಿಲ್ಲ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಎದ್ದು "ಹೊಟ್ಟೆನೋವು, ಕಣ್ಣು ಬಿಡಕ್ಕಾಗ್ತಿಲ್ಲ" ಅಂತಾರೆ. ಕಣ್ಣುರೆಪ್ಪೆ ಬೀಳುತ್ತಿದೆ, ಮಾತು ತೊದಲುತ್ತಿದೆ ಅಂದರೆ ಉಸಿರಾಟದ ಸ್ನಾಯು ನಿಲ್ಲುವ ಮುನ್ಸೂಚನೆ. ಅಂಥವರನ್ನು ಹತ್ತಿರದ ಆಸ್ಪತ್ರೆಗೆ ಅಂತ ಅಲ್ಲ, ಹಾವಿನ ವಿಷಕ್ಕೆ ಇಂಜೆಕ್ಷನ್ನೂ ವೆಂಟಿಲೇಟರೂ ಎರಡೂ ಇರುವ ಕಡೆಗೆ ಕಳಿಸಬೇಕು. ಯಾವ ಆಸ್ಪತ್ರೆಯಲ್ಲಿ ಇವತ್ತು ಆ ಇಂಜೆಕ್ಷನ್ನಿನ ಎಷ್ಟು ವಯಲ್ (ಸಣ್ಣ ಬಾಟಲಿ) ಇದೆ ಎಂಬ ಪಟ್ಟಿ ಪ್ರತಿ ಪಾಳಿಗೆ ಹೊಸದಾಗಿ ಬರಬೇಕು. ಹಾವು ಕಡಿತವನ್ನು ನಮ್ಮ ರಾಜ್ಯ 2024ರಲ್ಲೇ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿದೆ. ಹಾಗಿರುವಾಗ ಕರೆ ಎತ್ತುವವರಿಗೆ "ಹುಳ ಮುಟ್ಟೈತೆ" ಗೊತ್ತಿಲ್ಲ ಅಂದರೆ ಹೇಗೆ?

ಪಾಳಿ_ಲೆಕ್ಕ

ಅಕ್ಕ, ಇಷ್ಟೆಲ್ಲ ನೆನಪಿಟ್ಟುಕೊಂಡು ಹೇಳಕ್ಕಾಗುತ್ತಾ? ಕಾರ್ಡ್ ನೋಡಿ ಓದಲಿ ಬಿಡಿ.

ಸ್ಟಾಫ್‌ನರ್ಸ್_ಹೊನ್ನಾಳಿ

ಕಾರ್ಡ್ ಬೇಡ ಅಂದಿಲ್ಲಪ್ಪ. ಸಾಲ್ಟ್ ಲೇಕ್ ಸಿಟಿಯಲ್ಲಿ ಜೆಫ್ ಕ್ಲಾಸನ್ ಅನ್ನುವ ಡಾಕ್ಟರು 1970ರ ದಶಕದ ಕೊನೆಯಲ್ಲಿ ಶುರು ಮಾಡಿದ್ದೇ ಈ ಕಾರ್ಡ್ ಪದ್ಧತಿ, ಈಗ ಎಷ್ಟೋ ದೇಶದಲ್ಲಿ ಅದೇ ನಡೆಯುತ್ತದೆ. ನನ್ನ ತಕರಾರು ಕಾರ್ಡಿನ ಕನ್ನಡದ ಬಗ್ಗೆ. "ರೋಗಿಯು ಪ್ರಜ್ಞಾವಸ್ಥೆಯಲ್ಲಿದ್ದಾರೆಯೇ?" ಅಂತ ಓದಿದರೆ ಹೊನ್ನಾಳಿಯ ಅಜ್ಜಿಗೆ ಏನು ಅರ್ಥ ಆಗುತ್ತದೆ? "ಕರೆದ್ರೆ ಓಗೊಡ್ತಾರಾ?" ಅಂತ ಇರಬೇಕು. ಕಾರ್ಡ್ ಬರೆಯುವವರು ಬರೆದ ಮೇಲೆ ಹತ್ತು ಜನ ಹಳ್ಳಿಯವರಿಗೆ ಫೋನಿನಲ್ಲಿ ಓದಿ, ಎಲ್ಲರೂ ಒಂದೇ ಸಲಕ್ಕೆ ಸರಿಯಾಗಿ ಮಾಡಿದರೆ ಆ ಸಾಲು ಉಳಿಸಿ, ಇಲ್ಲದಿದ್ದರೆ ಹೊಡೆದುಹಾಕಿ.

ಗಡಿ_ಮೊಳಕಾಲ್ಮೂರು

ನಮ್ಮ ಕಡೆ ಮನೆಮಾತು ತೆಲುಗು ಬಹಳ ಜನಕ್ಕೆ. ಗಾಬರಿ ಆದಾಗ ಮನೆಮಾತೇ ಬರೋದು. ಆಂಧ್ರದ ಟವರ್ ಹಿಡಿದರೆ ಕರೆ ಅತ್ತ ಹೋಗುತ್ತೆ, ಅಲ್ಲಿಂದ ಇತ್ತ ವರ್ಗಾಯಿಸುವ ನೇರ ನಂಬರ್ ಎರಡೂ ಕಡೆಯವರ ಹತ್ರ ಇರಬೇಕು. ಹರಿಹರದಲ್ಲಿ ಇದೇ ತೊಂದರೆ ಜಿಲ್ಲೆಗಳ ನಡುವೆ: ತುಂಗಭದ್ರೆ ಈಚೆ ದಾವಣಗೆರೆ, ಆಚೆ ಕುಮಾರಪಟ್ಟಣ ಹಾವೇರಿ ಜಿಲ್ಲೆ. ಹೊಳೆಯಲ್ಲಿ ಮುಳುಗಿದವರ ಕರೆ ಯಾರ ಪರದೆಗೆ ಬೀಳುತ್ತೋ. "ನಮ್ಮ ವ್ಯಾಪ್ತಿ ಅಲ್ಲ" ಅಂತ ಹೇಳಿ ಇಡುವುದನ್ನು ಪರವಾನಗಿ ಹೋಗುವಂಥ ತಪ್ಪು ಅಂತ ಬರೆಯಿರಿ. ಕರೆ ವರ್ಗಾಯಿಸಿದವರು ಆ ಕಡೆಯವರು ಮಾತಾಡುವವರೆಗೆ ಲೈನ್ ಬಿಡಬಾರದು.

ಭಾಷೆ: ದಾವಣಗೆರೆಗೆ ಉರ್ದು, ಎರಡೂ ಜಿಲ್ಲೆಗೆ ಲಂಬಾಣಿ, ಚಳ್ಳಕೆರೆ-ಮೊಳಕಾಲ್ಮೂರಿಗೆ ತೆಲುಗು, ಹೆದ್ದಾರಿಗೆ ಹಿಂದಿ-ತಮಿಳು. ಒಬ್ಬರಿಗೆ ಎಲ್ಲಾ ಬರಲ್ಲ. ಪ್ರತಿ ಪಾಳಿಯಲ್ಲಿ ಕನ್ನಡದ ಜೊತೆ ಇವುಗಳಲ್ಲಿ ಮೂರಾದರೂ ಬಲ್ಲವರು ಇರಲಿ. "ಎಲ್ಲಿ, ಏನು, ಉಸಿರಾಟ ಇದೆಯಾ" ಈ ಮೂರು ಮಾತ್ರ ಎಲ್ಲರಿಗೂ ಎಲ್ಲಾ ಭಾಷೆಯಲ್ಲಿ ಬರಲಿ.

ಕಾಯ್ದೆ_ಕಟ್ಟಳೆ

ಪರವಾನಗಿ ಯಾರು ಕೊಡಬೇಕು ಎಂಬುದು ಉಳಿದಿದೆ. ಪೊಲೀಸ್, ಸಾರ್ವಜನಿಕ ಆರೋಗ್ಯ ಎರಡೂ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿವೆ; ವೃತ್ತಿಗಳ ವಿಷಯ ಸಮವರ್ತಿ ಪಟ್ಟಿಯಲ್ಲಿ. ದೆಹಲಿಯ ಕಡೆ ನೋಡುತ್ತಾ ಕೂರಬೇಕಿಲ್ಲ, ರಾಜ್ಯವೇ ಕಾನೂನು ಮಾಡಬಹುದು. 2021ರ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಆಂಬುಲೆನ್ಸಿನ ತುರ್ತು ವೈದ್ಯಕೀಯ ತಂತ್ರಜ್ಞರಿಗೆ ಜಾಗ ಸಿಕ್ಕಿದೆ. ಕರೆ ಎತ್ತುವವರ ಕೆಲಸ ಅರ್ಧ ವೈದ್ಯಕೀಯ, ಅರ್ಧ ಪೊಲೀಸ್-ಅಗ್ನಿಶಾಮಕ. ಹಾಗಾಗಿ ಮೂರೂ ಇಲಾಖೆಯವರು ಕೂರುವ ಒಂದು ಮಂಡಳಿ ಬೇಕು, ಕೆಲಸ ಕೊಡುವ ಸಂಸ್ಥೆಯೇ ಪರೀಕ್ಷೆಯನ್ನೂ ಮಾಡುವ ಹಾಗಿರಬಾರದು.

ಫ್ಲೋರಿಡಾದ ಕಾನೂನಿನ ಹಿಂದಿನ ಕಾರಣ ಇಲ್ಲಿ ಹೇಳಲೇಬೇಕು. 2008ರ ಜನವರಿಯಲ್ಲಿ ಡೆನಿಸ್ ಆಂಬರ್ ಲೀ ಎಂಬ 21 ವರ್ಷದ ತಾಯಿಯನ್ನು ಅಪಹರಿಸಿ ಕೊಂದರು. ದಾರಿಯಲ್ಲಿ ಆ ಕಾರನ್ನು ಕಂಡ ಒಬ್ಬರು ಕರೆ ಮಾಡಿ, ಓಡುತ್ತಿರುವ ಕಾರಿನ ಜಾಗವನ್ನು ನಿಮಿಷ ನಿಮಿಷಕ್ಕೂ ಹೇಳಿದರು. ಪೊಲೀಸ್ ಗಾಡಿಗಳು ಆ ಸುತ್ತಮುತ್ತಲೇ ಇದ್ದವು. ಕರೆ ಎತ್ತಿದವರಿಂದ ಗಾಡಿಗಳಿಗೆ ಮಾಹಿತಿ ದಾಟಲೇ ಇಲ್ಲ. ಅವರ ಕುಟುಂಬ ಹೋರಾಡಿ ಕಾನೂನು ತಂದಿತು. ಕೋಟೆನಾಡು ಸಾರ್ ಹೇಳಿದ "ಎರಡು ಸಾಲು" ಇದೇ.

ಧ್ವನಿಮುದ್ರಣದ ವಿಷಯದಲ್ಲಿ ಎಚ್ಚರ: ತರಬೇತಿಗೆ ನಿಜವಾದ ಕರೆ ಬಳಸುವುದಾದರೆ ಹೆಸರು, ಊರು, ಫೋನ್ ನಂಬರ್ ಅಳಿಸಿ, ಧ್ವನಿ ಬದಲಿಸಿ ಬಳಸಬೇಕು. ಅದಕ್ಕಿಂತ ಒಳ್ಳೆಯದು, ಬರೆದುಕೊಂಡು ಹೊಸದಾಗಿ ಆಡಿಸುವುದು.

ನೆಟ್‌ವರ್ಕ್_ನಿಟ್ಟುವಳ್ಳಿ

ಮಾತಾಡದ ಕರೆ ಬಗ್ಗೆ ಒಂದು. ಮೌನ ಅಂದ ಕೂಡಲೇ ಜೇಬಿನಲ್ಲಿ ಒತ್ತಿದ್ದು ಅಂತ ಕತ್ತರಿಸುತ್ತಾರೆ. ಪವರ್ ಬಟನ್ ಮೂರು ಸಲ ಒತ್ತಿದರೆ ಕರೆ ಹೋಗುವ ಫೋನ್‌ಗಳಿವೆ, ತಪ್ಪಿ ಒತ್ತಿದ್ದೂ ಇರುತ್ತದೆ ನಿಜ. ಆದರೆ ಪಕ್ಕದಲ್ಲೇ ಹೊಡೆಯುವವನು ನಿಂತಿರಲೂಬಹುದು. ಬ್ರಿಟನ್ನಿನಲ್ಲಿ ಮೊಬೈಲಿಂದ ಅಲ್ಲಿನ ತುರ್ತು ನಂಬರ್ 999ಕ್ಕೆ ಮಾಡಿ ಮಾತಾಡಲಾಗದವರು 55 ಒತ್ತಿದರೆ ಕರೆ ಪೊಲೀಸರಿಗೆ ಹೋಗುತ್ತದೆ. ನಮ್ಮಲ್ಲಿ ಅಂಥ ವ್ಯವಸ್ಥೆ ಬರುವವರೆಗೆ ಹೇಳುವ ಮಾತು: "ಮಾತಾಡಕ್ಕಾಗದಿದ್ರೆ ಫೋನಿನ ಮೇಲೆ ಎರಡು ಸಲ ತಟ್ಟಿ." ತಟ್ಟಿದರೆ "ಹೌದು-ಇಲ್ಲ" ಪ್ರಶ್ನೆ ಮಾತ್ರ. ತಿರುಗಿ ಕರೆ ಮಾಡುವಾಗ ಹುಷಾರು, ರಿಂಗ್ ಆದ ಸದ್ದೇ ಅವರಿಗೆ ಅಪಾಯ ಆಗಬಹುದು.

ಕೋಟೆನಾಡು_ತರಬೇತಿ

ಪರೀಕ್ಷೆಯ ಭಾಗ ಇಷ್ಟಕ್ಕೆ ನಿಲ್ಲಿಸಿದ್ದೇನೆ. 12 ಅಣಕು ಕರೆ. ಹನ್ನೆರಡರಲ್ಲೂ ಜಾಗ ಸರಿ ಇರಬೇಕು, ಅಲ್ಲಿ ಒಂದು ತಪ್ಪಿದರೂ ಮತ್ತೆ ಬರಬೇಕು. ಉಳಿದ ಅಂಶಕ್ಕೆ ಶೇ. 80. ಮೇಲುಸಿರನ್ನು ಉಸಿರಾಟ ಅಂತ ಬರೆದರೆ, ವ್ಯಾಪ್ತಿ ಅಲ್ಲ ಅಂತ ಇಟ್ಟರೆ, ವಾಂತಿ ಮಾಡಿಸಲು ಹೇಳಿದರೆ, ಹೆದ್ದಾರಿ ದಿಕ್ಕು ಕೇಳದಿದ್ದರೆ, ಬಾಕಿ ಎಲ್ಲ ನೂರಕ್ಕೆ ನೂರು ಇದ್ದರೂ ಫೇಲು. ಎರಡು ವರ್ಷಕ್ಕೊಮ್ಮೆ ನವೀಕರಣ, ನಡುವೆ 20 ಗಂಟೆ ಮರುತರಬೇತಿ. ವಿದ್ಯಾರ್ಹತೆ ಪಿಯುಸಿ ಸಾಕು, ಡಿಗ್ರಿ ಕೇಳಿದರೆ ಊರ ಮಾತು ಬಲ್ಲ ಹುಡುಗ-ಹುಡುಗಿಯರನ್ನು ನಾವೇ ಹೊರಗಿಟ್ಟ ಹಾಗೆ.

ಕೇಂದ್ರಕ್ಕೆ ಗುರಿ: ಅಮೆರಿಕದಲ್ಲಿ ತುರ್ತು ಕರೆ ಕೇಂದ್ರಗಳಿಗೆ ಮಾನದಂಡ ಹಾಕುವ ನೆನಾ ಸಂಸ್ಥೆ ಹೇಳುವಂತೆ 15 ಸೆಕೆಂಡಿನೊಳಗೆ ಶೇ. 90 ಕರೆ, 20 ಸೆಕೆಂಡಿನೊಳಗೆ ಶೇ. 95 ಕರೆ ಎತ್ತಿರಬೇಕು. ಆದರೆ ಒಂದು ಕರೆಗೆ ಎಷ್ಟು ಬೇಗ ಮುಗಿಸಿದರು ಎಂಬ ಲೆಕ್ಕವನ್ನು ಯಾರ ಸಂಬಳಕ್ಕೂ ತಗುಲಿಸಬಾರದು. ತಗುಲಿಸಿದರೆ ಎದೆ ಒತ್ತಿಸುತ್ತಾ ಹತ್ತು ನಿಮಿಷ ಲೈನಿನಲ್ಲಿ ಇದ್ದವರೇ ಹಿಂದೆ ಬೀಳುತ್ತಾರೆ.

ಇಎಂಟಿ_ಜಗಳೂರು

ಕೊನೆಯ ಮಾತಿಗೆ ಕೈ ಮುಗಿದೆ ಸಾರ್. ಒಂದು ತಿದ್ದುಪಡಿ: ಬರೆದ ಎರಡು ಸಾಲು ಕಳಿಸಿದ ಮೇಲೆ ಗಾಡಿಯಲ್ಲಿರುವ ನಮಗೂ ಒಂದು ಅವಕಾಶ ಇರಲಿ. ಸ್ಥಳಕ್ಕೆ ಹೋಗಿ ನೋಡಿದ್ದಕ್ಕೂ ಬರೆದದ್ದಕ್ಕೂ ಹೊಂದದಿದ್ದರೆ ಟ್ಯಾಬಿನಲ್ಲಿ ಒಂದು ಬಟನ್ ಒತ್ತಿ "ಹೊಂದಲಿಲ್ಲ" ಅನ್ನಲಿ. ಆ ಕರೆಯ ಧ್ವನಿಮುದ್ರಣ ವಾರದೊಳಗೆ ಕರೆ ಎತ್ತಿದವರಿಗೆ ಕೇಳಿಸಬೇಕು. ಬೈಯುವುದಕ್ಕಲ್ಲ, ಯಾವ ಪದ ತಪ್ಪಿತು ಅಂತ ಪಟ್ಟಿಗೆ ಸೇರಿಸುವುದಕ್ಕೆ.

ಕೋಟೆನಾಡು_ತರಬೇತಿ

ಸೇರಿಸಿದೆ. ಪದಪಟ್ಟಿಯಲ್ಲಿ ಈಗ ಕನ್ನಡದ್ದು ಮಾತ್ರ ಇದೆ: ಔಷಧಿ ಕುಡಿದಾನೆ, ಹುಳ ಮುಟ್ಟೈತೆ, ಮೇಲುಸಿರು, ನೋವು ತಗಂಡೈತೆ, ಲಕ್ವ, ಎದೆ ಹಿಡ್ಕಂಡೈತೆ, ಕರೆಂಟ್ ಹೊಡೆದೈತೆ, ನೀರು ಹೋಗ್ತಾ ಐತೆ. ಲಂಬಾಣಿ ಮತ್ತು ತೆಲುಗಿನಲ್ಲಿ ಇವಕ್ಕೆ ಮನೆಯಲ್ಲಿ ಏನನ್ನುತ್ತಾರೆ ಅಂತ ಗೊತ್ತಿರುವವರು ಕೆಳಗೆ ಬರೆಯಿರಿ. ಪುಸ್ತಕದ ಪದ ಬೇಡ, ಕೂಗಿ ಕರೆಯುವಾಗ ಬಾಯಿಗೆ ಬರುವ ಪದ.

ಗಡಿ_ಮೊಳಕಾಲ್ಮೂರು

ತೆಲುಗಿನಲ್ಲಿ ಹಾವಿಗೆ ರಾತ್ರಿ ಹೊತ್ತು "ಪುರುಗು" ಅಂತಾರೆ ಸಾರ್. "ಪುರುಗು ಮುಟ್ಟಿಂದಿ" ಅಂದರೆ ಅದೇ. ಮೊದಲು ಇದನ್ನ ಬರ್ಕೊಳ್ಳಿ, ಉಳಿದದ್ದು ಮನೆಯಲ್ಲಿ ಹಿರಿಯರನ್ನ ಕೇಳಿ ನಾಳೆ ಹಾಕ್ತೀನಿ.